ಗೊಂಬೆ ಹಿಡಿಕೆ ಕೊಳ್ಳುವಾಗ: ಮುಕ್ಕಾದ ಅಪರೂಪವೋ, ಮುಕ್ಕಾಗದ ಸಾಮಾನ್ಯವೋ?

ಮಿಲ್ವಾಕಿಯ ಹೊರವಲಯದ ಒಂದು ಸಭಾಭವನದಲ್ಲಿ, ಬಿಯರ್ ಕಂಪನಿಗಳ ಹಳೆಯ ಸಾಮಾನು ಮಾರುವ ಭಾನುವಾರದ ಸಂತೆಯಲ್ಲಿ, ನಾನು ಎರಡು ಹಕ್ಕಿಗಳ ಮುಂದೆ ಅರ್ಧ ಗಂಟೆ ನಿಂತಿದ್ದೆ. ಎರಡೂ ಬಾರಿನ ಬಿಯರ್ ನಲ್ಲಿಯ ಮೇಲೆ ಕೂರಿಸುವ ಗೊಂಬೆ ಹಿಡಿಕೆಗಳು. ಒಂದು, ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯ ಹೆಬ್ಬಾತು. ನೀಳ ಕತ್ತು, ಗತ್ತಿನ ತಲೆ, ಎಲ್ಲೂ ಒಂದು ಗೀರಿಲ್ಲ. ಬೆಲೆ 25 ಡಾಲರ್. ಇನ್ನೊಂದು, ಬಾಗಿಲು ಹಾಕಿ ವರ್ಷಗಳೇ ಕಳೆದಿದ್ದ ಒಂದು ಪುಟ್ಟ ಬ್ರೂವರಿಯ ಬಕ. ಒಂಟಿಕಾಲಿನಲ್ಲಿ ನಿಂತು ನೀರನ್ನೇ ದಿಟ್ಟಿಸುತ್ತಿದೆ, ಕೊಕ್ಕಿನ ತುದಿ ಮಾತ್ರ ಇಲ್ಲ, ಬೆಲೆ 120. "ಇಂಥದ್ದನ್ನು ನನ್ನ ಜೀವಮಾನದಲ್ಲಿ ನೋಡುತ್ತಿರುವುದು ಇದು ಎರಡನೆಯ ಸಲ" ಎಂದರು ಮಾರುವವರು. ನಾನು ಬಕವನ್ನು ಕೊಂಡೆ. ಮನೆಗೆ ಬಂದು ಅತಿನೇರಳೆ ಬೆಳಕಿನ ಟಾರ್ಚ್ ಹಿಡಿದಾಗ, ಮುರಿದದ್ದು ಕೊಕ್ಕು ಒಂದೇ ಅಲ್ಲ, ಕಾಲನ್ನೂ ಯಾರೋ ಒಮ್ಮೆ ಅಂಟಿಸಿದ್ದಾರೆ ಎಂದು ತಿಳಿಯಿತು. ಮೊಣಕಾಲಿನ ಸುತ್ತ ಅಂಟಿನ ಗೆರೆ ಬೆಳದಿಂಗಳಂತೆ ಹೊಳೆಯುತ್ತಿತ್ತು.

ಆ ಅರ್ಧ ಗಂಟೆಯಲ್ಲಿ ನಾನು ಏನೇನು ಕೇಳಿಕೊಳ್ಳಬೇಕಿತ್ತು, ಯಾವುದನ್ನು ಯಾವುದರ ಜೊತೆ ತೂಗಿ ನೋಡಬೇಕಿತ್ತು ಎಂಬುದೇ ಈ ಬರಹದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಯರ್ ನಲ್ಲಿಯ ಗೊಂಬೆ ಹಿಡಿಕೆಗಳ ಮಟ್ಟಿಗೆ ಎಷ್ಟು ತಯಾರಾದವು ಎಂಬ ಲೆಕ್ಕಕ್ಕಿಂತ ಎಷ್ಟು ಮುಕ್ಕಾಗದೆ ಉಳಿದವು ಎಂಬ ಲೆಕ್ಕವೇ ದೊಡ್ಡದು. ಹತ್ತು ಸಾವಿರ ತಯಾರಾಗಿ ಒಂದರ ಬಾಲವೂ ಉಳಿಯದಿದ್ದರೆ, ಬಾಲವಿರುವ ಹತ್ತು ಸಾವಿರದ ಒಂದನೆಯದೇ ಅಪರೂಪ.

ಹಿಡಿಕೆಗೆ ಗೊಂಬೆ ಏಕೆ ಬಂತು

ಬಾರಿನಲ್ಲಿ ಪೀಪಾಯಿಯಿಂದ ಬಿಯರ್ ಇಳಿಸುವ ನಲ್ಲಿಗೆ ಒಂದು ಸಣ್ಣ ಸನ್ನೆಗೋಲು ಇರುತ್ತದೆ. ಅದರ ಮೇಲೆ ತಿರುಗಿಸಿ ಕೂರಿಸುವ ಹಿಡಿಯೇ ಟ್ಯಾಪ್ ಹ್ಯಾಂಡಲ್. ಎಳೆದರೆ ಬಿಯರ್, ಬಿಟ್ಟರೆ ನಿಂತಿತು. ಕೆಲಸ ಅಷ್ಟೇ. ಅದಕ್ಕೆ ಒಂದು ಮರದ ಗುಂಡಿ ಸಾಕಿತ್ತು.

ಅಮೆರಿಕದಲ್ಲಿ 1920ರಲ್ಲಿ ಬಂದ ಪಾನನಿಷೇಧ 1933ರಲ್ಲಿ ತೆರವಾಯಿತು. ಒಂದು ಕಂಪನಿಯ ಹೆಸರು ಹೇಳಿ ಇನ್ನೊಂದರ ಬಿಯರ್ ಸುರಿಯುವ ಚಾಳಿಗೆ ಕಡಿವಾಣ ಹಾಕಲು, ನಲ್ಲಿಯ ಮೇಲೆಯೇ ಬಿಯರಿನ ಹೆಸರು ಕಾಣಬೇಕು ಎಂಬ ನಿಯಮಗಳು ಬಂದವು. ಆಗ ಹುಟ್ಟಿದ್ದು ಗುಂಡು ಹಿಡಿಕೆಗಳು. ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದಾದ, ಬೇಕಲೈಟ್ ಎಂಬ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು, ಮುಖದ ಮೇಲೆ ಎನಾಮೆಲ್ ಬಿಲ್ಲೆ, ಬಿಲ್ಲೆಯ ಮೇಲೆ ಹೆಸರು. 1950ರ ದಶಕದವರೆಗೂ ಇವು ನಡೆದವು. ಅವುಗಳ ಸಂಗ್ರಾಹಕರದ್ದೇ ಬೇರೆ ಪಂಗಡ. ನಮ್ಮನ್ನು ಅವರು ಗೊಂಬೆಯಾಟದವರು ಎಂಬಂತೆ ನೋಡುವುದುಂಟು.

ಗೊಂಬೆಗಳ ಕಾಲ ಬಂದದ್ದು ಸಣ್ಣ ಬ್ರೂವರಿಗಳ ಜೊತೆಗೆ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ನೂರು ಬ್ರೂವರಿಗಳೂ ಉಳಿದಿರಲಿಲ್ಲ. ಇಂದು ಒಂಬತ್ತು ಸಾವಿರಕ್ಕೂ ಹೆಚ್ಚು. ಹೊಸಬರಲ್ಲಿ ಟಿವಿ ಜಾಹೀರಾತಿಗೆ ಹಣವಿರಲಿಲ್ಲ. ಅವರಿಗೆ ದಕ್ಕಿದ ಜಾಹೀರಾತು ಜಾಗವೆಂದರೆ ಬಾರಿನ ಕಟ್ಟೆಯ ಮೇಲಿನ ಒಂದು ಅಡಿ ಎತ್ತರ. ಮೂವತ್ತು ನಲ್ಲಿಗಳು ಸಾಲಾಗಿ ನಿಂತಿರುವ ಕಡೆ, ಹಿಂದಿನ ಮೇಜಿನಲ್ಲಿ ಕುಳಿತವನಿಗೂ ಕಾಣಬೇಕೆಂದರೆ ಹೆಸರು ಸಾಲದು, ಆಕಾರ ಬೇಕು. ಹಾಗಾಗಿ ಒರೆಗಾನಿನ ರೋಗ್ ಕಂಪನಿಯ ಡೆಡ್ ಗೈ ಏಲ್‌ಗೆ ಅಸ್ಥಿಪಂಜರ, ಅಟ್ಲಾಂಟಾದ ಸ್ವೀಟ್‌ವಾಟರ್‌ಗೆ ಬಣ್ಣಬಣ್ಣದ ಟ್ರೌಟ್ ಮೀನು, ನ್ಯೂ ಬೆಲ್ಜಿಯಂ ಕಂಪನಿಯ ಫ್ಯಾಟ್ ಟೈರ್‌ಗೆ ಸೈಕಲ್, ಕ್ಯಾಲಿಫೋರ್ನಿಯಾದ ಸ್ಟೋನ್‌ಗೆ ಗಾರ್ಗಾಯಲ್ ಎಂಬ ಕೊಂಬಿನ ಭೂತ, ಆಂಗ್ರಿ ಆರ್ಚರ್ಡ್ ಸೈಡರ್‌ಗೆ ಹಲ್ಲು ಕಡಿಯುವ ಸೇಬಿನ ಮರ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ನಲ್ಲಿಗೂ ನಲ್ಲಿಗೂ ನಡುವೆ ಸಾಮಾನ್ಯವಾಗಿ ಇರುವುದು 3ರಿಂದ 4 ಇಂಚು ಅಂತರ. ರೆಕ್ಕೆ ಬಿಚ್ಚಿದ ಹದ್ದು ಪಕ್ಕದ ಹಿಡಿಕೆಗೆ ತಾಗುತ್ತದೆ. ಅತಿ ಭಾರದ ಹಿಡಿಕೆ ತನ್ನ ತೂಕಕ್ಕೆ ತಾನೇ ಮುಂದಕ್ಕೆ ವಾಲಿ ನಲ್ಲಿಯನ್ನು ತೊಟ್ಟಿಕ್ಕಿಸುತ್ತದೆ. ಬಾರಿನವರು ಇಂಥ ಹಿಡಿಕೆಗಳನ್ನು ವಾರದೊಳಗೆ ತೆಗೆದು ನೆಲಮಾಳಿಗೆಗೆ ಎಸೆಯುತ್ತಾರೆ. ಬ್ರೂವರಿ ಮುಂದಿನ ಸಲ ಸಪೂರವಾದದ್ದನ್ನು ಮಾಡಿಸುತ್ತದೆ. ಅಂದರೆ ಒಂದು ಹಿಡಿಕೆ ಅಪರೂಪವಾಗಲು ಬಹಳ ಸಲ ಕಾರಣ, ಅದು ಹಿಡಿಕೆಯಾಗಿ ಸೋತದ್ದು. ಅಗಲವಾದ, ಚಾಚಿಕೊಂಡ, ತಲೆಭಾರದ ಗೊಂಬೆ ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ನನ್ನ ಬಕವೂ ಅದೇ ಜಾತಿಯದು. ಕೊಕ್ಕು ಪಕ್ಕದ ನಲ್ಲಿಯ ಕಡೆಗೆ ಚಾಚಿತ್ತು, ಪಕ್ಕದ ನಲ್ಲಿಯೇ ಅದನ್ನು ಮುರಿದಿರಬೇಕು.

ಅಪರೂಪಗಳಲ್ಲಿ ಯಾವುದು ಅಪರೂಪ

ಮಾರುವವರ ಬಾಯಲ್ಲಿ ಎಲ್ಲವೂ ಅಪರೂಪವೇ. ಕೊಳ್ಳುವವರು ಅದನ್ನು ಬಿಡಿಸಿ ನೋಡಬೇಕು.

ಮುಚ್ಚಿಹೋದ ಬ್ರೂವರಿಯದು ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು, ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಮಾತೂ ಹೌದು. ವಿಸ್ಕಾನ್ಸಿನ್ನಿನ ಚಿಪ್ಪೆವಾ ಫಾಲ್ಸ್ ಊರಿನ ಲೈನೆನ್‌ಕೂಗಲ್ಸ್ 1867ರಿಂದ ನಡೆದುಬಂದ ಹೆಸರು. ದೋಣಿಯ ಹುಟ್ಟಿನ ಆಕಾರದ ಅದರ ಹಿಡಿಕೆಯನ್ನು ಈ ರಾಜ್ಯದಲ್ಲಿ ಕಾಣದವರಿಲ್ಲ. ಆ ಊರಿನ ಬ್ರೂವರಿಯನ್ನು ಮುಚ್ಚುವುದಾಗಿ 2024ರ ನವೆಂಬರಿನಲ್ಲಿ ಒಡೆಯರಾದ ಮೋಲ್ಸನ್ ಕೂರ್ಸ್‌ನವರು ಪ್ರಕಟಿಸಿದರು. ಸುದ್ದಿ ಬಂದ ವಾರದಲ್ಲೇ ನನ್ನ ಪರಿಚಯದವರೊಬ್ಬರು ಹುಟ್ಟುಗಳನ್ನು ಕಟ್ಟುಗಟ್ಟಲೆ ಕೊಂಡಿಟ್ಟರು. ಬ್ರೂವರಿ ಮುಚ್ಚಿತು, ಬಿಯರ್ ನಿಲ್ಲಲಿಲ್ಲ; ಅದನ್ನು ಈಗ ಮಿಲ್ವಾಕಿಯಲ್ಲಿ ತಯಾರಿಸುತ್ತಾರೆ. ಹುಟ್ಟುಗಳು ಪ್ರತಿ ಹಳ್ಳಿಯ ಬಾರಿನಲ್ಲೂ ಇನ್ನೂ ಇವೆ. ಅವರ ಗ್ಯಾರೇಜಿನಲ್ಲೂ ಇವೆ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್. 1896ರಿಂದ ಆ ಹೆಸರು ಹೊತ್ತ ಕಂಪನಿ 2021ರಲ್ಲಿ ತನ್ನ ಲೇಬಲ್‌ಗಳ ವೇಷವನ್ನೇ ಬದಲಿಸಿತು, ಹಳೆಯ ಅಭಿಮಾನಿಗಳಿಂದ ಚೆನ್ನಾಗಿ ಬೈಸಿಕೊಂಡಿತು, 2023ರ ಜುಲೈನಲ್ಲಿ ಕೆಲಸ ನಿಲ್ಲಿಸುವುದಾಗಿ ಹೇಳಿತು. 2024ರಲ್ಲಿ ಚೊಬಾನಿ ಮೊಸರಿನ ಕಂಪನಿಯ ಸ್ಥಾಪಕ ಹಮ್ದಿ ಉಲುಕಾಯಾ ಅದನ್ನು ಕೊಂಡರು. ಹಿಡಿಕೆ ಹುಡುಕುವವರಿಗೆ ಇದರಲ್ಲಿ ತಿಳಿಯಬೇಕಾದದ್ದು ಇಷ್ಟು: ಮುಚ್ಚಿದ ದಿನಾಂಕಕ್ಕಿಂತ ವೇಷ ಬದಲಾದ ದಿನಾಂಕ ಮುಖ್ಯ. ಹಳೆಯ ವೇಷದ ವಸ್ತು ದಶಕಗಳ ಕಾಲ ಬಾರುಗಳಲ್ಲಿ ಬಾಳಿದೆ, ಅಂದರೆ ಸಂಖ್ಯೆಯಲ್ಲಿ ಹೆಚ್ಚು. ಹೊಸ ವೇಷದ್ದು ಎರಡೂವರೆ ವರ್ಷದ ಕೂಸು. ಭಾವುಕರು ಹಳೆಯದನ್ನು ಕೊಳ್ಳುತ್ತಾರೆ. ಲೆಕ್ಕ ಗೊತ್ತಿರುವವರು ಯಾರೂ ಪ್ರೀತಿಸದ ಹೊಸದನ್ನು ಒಂದು ಎತ್ತಿಡುತ್ತಾರೆ.

ಇನ್ನು "ಸೀಮಿತ ಆವೃತ್ತಿ" ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದರೆ ನಾನು ಮುಂದಿನ ಮೇಜಿಗೆ ಹೋಗುತ್ತೇನೆ. ಕೊಂಡವರೆಲ್ಲ ಜೋಪಾನ ಮಾಡಿಯೇ ಇಟ್ಟಿರುತ್ತಾರೆ, ಒಂದೂ ಒಡೆದಿರುವುದಿಲ್ಲ. ನಿಜವಾಗಿ ಸಿಗದವು ಯಾರೂ ಜೋಪಾನ ಮಾಡದವು: ಒಂದೇ ಚಳಿಗಾಲಕ್ಕೆ ಬಂದ ಕ್ರಿಸ್‌ಮಸ್ ಬಿಯರಿನದು, ಕುಂಬಳಕಾಯಿ ಬಿಯರಿನದು, ಒಂದೇ ಊಟದ ಮನೆಗೆಂದು ಮಾಡಿಸಿದ್ದು, ಕಂಪನಿಗೆ ತೋರಿಸಲೆಂದು ಅಚ್ಚಿನವರು ಮಾಡಿ ತಿರಸ್ಕೃತವಾದ ಮಾದರಿ. ಇವುಗಳ ಮೇಲೆ ಅಪರೂಪ ಎಂಬ ಚೀಟಿ ಇರುವುದೇ ಇಲ್ಲ. ತಗಡಿನ ಡಬ್ಬಿಯಲ್ಲಿ ಹತ್ತು ಡಾಲರಿಗೆ ಬಿದ್ದಿರುತ್ತವೆ.

ಗೂಸ್ ಐಲ್ಯಾಂಡಿನ ಹೆಬ್ಬಾತು ಇದಕ್ಕೆಲ್ಲ ವಿರುದ್ಧ ತುದಿ. 1988ರಲ್ಲಿ ಶುರುವಾದ ಕಂಪನಿಯನ್ನು 2011ರಲ್ಲಿ ಆನ್‌ಹೈಸರ್-ಬುಶ್‌ನವರು ಕೊಂಡ ಮೇಲೆ ಹೆಬ್ಬಾತು ದೇಶದ ಮೂಲೆಮೂಲೆಗೂ ಹಾರಿತು. ಆಂಗ್ರಿ ಆರ್ಚರ್ಡಿನ ಮರವೂ ಹಾಗೆಯೇ. ನೋಡಲು ಎಷ್ಟೇ ಚೆನ್ನಾಗಿರಲಿ, ಇವುಗಳ ಬೆಲೆ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮೊದಲ ಹಿಡಿಕೆ ಯಾವುದು ಕೊಳ್ಳಲಿ ಎಂದು ಕೇಳಿದರೆ ನಾನು ತೋರಿಸುವುದು ಇವನ್ನೇ. ಒಳ್ಳೆಯ ಎರಕ ಹೇಗಿರುತ್ತದೆ ಎಂದು ಕೈಗೆ ಪಾಠವಾಗುತ್ತದೆ, ಕಳೆದುಕೊಳ್ಳುವುದು ಒಂದು ಊಟದ ಹಣ.

ರೆಸಿನ್, ಮರ, ಲೋಹ

ಗೊಂಬೆ ಹಿಡಿಕೆಗಳಲ್ಲಿ ಬಹುಪಾಲು ರೆಸಿನ್‌ನವು, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ದ್ರವದವು. ಕಲಾವಿದ ಮೊದಲೊಂದು ಮಾದರಿ ಕಡೆಯುತ್ತಾನೆ, ಅದರ ಮೇಲೆ ಸಿಲಿಕೋನ್ ರಬ್ಬರಿನ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ಕಲ್ಲಿನ ಪುಡಿ ಬೆರೆಸಿದ ರೆಸಿನ್ ಸುರಿಯುತ್ತಾರೆ, ಗಟ್ಟಿಯಾದ ಮೇಲೆ ಕೈಯಿಂದ ಬಣ್ಣ ಹಚ್ಚುತ್ತಾರೆ. ರಬ್ಬರ್ ಅಚ್ಚು ಅಕ್ಷಯಪಾತ್ರೆಯಲ್ಲ. ಒಂದಷ್ಟು ಎರಕ ತೆಗೆದ ಮೇಲೆ ಅದರ ಅಂಚುಗಳು ಸವೆಯುತ್ತವೆ. ಮೀನಿನ ಹುರುಪೆ ಮೊಂಡಾಗುತ್ತದೆ, ಕಣ್ಣಿನ ರೆಪ್ಪೆ ಮಾಯವಾಗುತ್ತದೆ. ಒಂದೇ ಹಿಡಿಕೆಯ ಎರಡು ಪ್ರತಿಗಳು ಎದುರಿಗಿದ್ದರೆ ಬಣ್ಣವನ್ನು ಮರೆತು ಗೆರೆಗಳನ್ನು ನೋಡಿ. ಚೂಪಾದ ಗೆರೆಯದ್ದು ಅಚ್ಚು ಹೊಸದಿದ್ದಾಗ ಬಂದದ್ದು. ಹತ್ತಿಪ್ಪತ್ತು ಡಾಲರ್ ಹೆಚ್ಚು ಕೊಟ್ಟರೂ ಅದನ್ನೇ ಕೊಳ್ಳಬೇಕು. ಬಣ್ಣ ಸರಿಪಡಿಸಬಹುದು, ಇಲ್ಲದ ಗೆರೆಯನ್ನು ತರಲಾಗದು.

ರೆಸಿನ್ನಿನ ದೋಷವೆಂದರೆ ಅದು ಬಗ್ಗುವುದಿಲ್ಲ, ಮುರಿಯುತ್ತದೆ. ಚಿಪ್ಪು ಎದ್ದ ಕಡೆ ಒಳಗಿನ ಬಿಳಿ, ಸುಣ್ಣದಂಥ ಹುಡಿ ಕಾಣುತ್ತದೆ. ಕಪ್ಪು ಗೊಂಬೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಕೊಳೆಯಲ್ಲ, ಗಾಯ. ಬೆಳಕು ತೂರಿಬರುವ ಪಾರಕ ರೆಸಿನ್ ಆದರೆ ಕಿಟಕಿಯ ಬಿಸಿಲಿಗೆ ಹಳದಿಯಾಗುತ್ತದೆ. ಒಮ್ಮೆ ಹಳದಿಯಾದದ್ದು ಮತ್ತೆ ತಿಳಿಯಾಗುವುದಿಲ್ಲ.

ಮರದ ಹಿಡಿಕೆಗಳ ಬಗ್ಗೆ ನನಗೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಚನ್ನಪಟ್ಟಣದಲ್ಲಿ ಬೆಳೆದವನಿಗೆ ಚರಕಿಯ ಮೇಲೆ ತಿರುಗಿದ ಮರವನ್ನು ಕಂಡರೆ ಬೆರಳು ತಾನಾಗಿ ಹೋಗುತ್ತದೆ. ಆದರೆ ಚರಕಿಯಲ್ಲಿ ಗುಂಡಗಿನದು ಬರುತ್ತದೆ, ಕೊಂಬು-ಬಾಲ ಬರುವುದಿಲ್ಲ. ಪೂರ್ತಿ ಗೊಂಬೆಯನ್ನು ಮರದಲ್ಲಿ ಕೆತ್ತಿದ್ದು ಸಿಕ್ಕರೆ ಅದು ಒಬ್ಬ ಕುಶಲಕರ್ಮಿ ಕೂತು ಕೆತ್ತಿದ ಹತ್ತೋ ಇಪ್ಪತ್ತೋ ಪ್ರತಿಗಳಲ್ಲಿ ಒಂದು. ಹಣವಿದ್ದರೆ ಯೋಚಿಸಬೇಡಿ. ಬುಡದಿಂದ ಎಳೆಯ ಉದ್ದಕ್ಕೂ ಸೀಳು ಹೋಗಿದೆಯೇ ಎಂದು ಮಾತ್ರ ನೋಡಿ. ಬಾರಿನ ತೇವ, ಮನೆಯ ಹೀಟರಿನ ಒಣಗಾಳಿ ಎರಡೂ ಸೇರಿ ಮರವನ್ನು ಬಿರಿಸುತ್ತವೆ.

ಲೋಹದ್ದು ಮುರಿಯುವುದಿಲ್ಲ, ಆದರೆ ನಾಜೂಕು ಕಡಿಮೆ, ಕಪಾಟಿನ ಹಲಗೆಯನ್ನು ಬಗ್ಗಿಸುತ್ತದೆ. ಬ್ರಿಟನ್ನಿನ ಪಿಂಗಾಣಿ ಹಿಡಿಗಳು ಕೈಪಂಪಿನವು. ಅದು ಬೇರೆಯೇ ಯಂತ್ರ, ಬೇರೆಯೇ ಹವ್ಯಾಸ.

ಬಾರ್ ಕಂಡದ್ದೋ, ಪೆಟ್ಟಿಗೆ ಬಿಚ್ಚದ್ದೋ

ಎಲ್ಲ ಸಂಗ್ರಾಹಕರೂ ಜಗಳವಾಡುವ ಪ್ರಶ್ನೆ ಇದು. ಪೆಟ್ಟಿಗೆಯಲ್ಲೇ ಉಳಿದ ಹಿಡಿಕೆಗೆ ಬೆಲೆ ಹೆಚ್ಚು, ಮರಳಿ ಮಾರುವುದೂ ಸುಲಭ. ನಾನು ಬಾರಿನಲ್ಲಿ ದುಡಿದದ್ದನ್ನು ಹೆಚ್ಚು ಇಷ್ಟಪಡುತ್ತೇನೆ, ಒಂದು ಷರತ್ತಿನ ಮೇಲೆ: ಸವೆತ ಇರಬೇಕಾದ ಕಡೆಯೇ ಇರಬೇಕು. ಬಿಯರ್ ಸುರಿಯುವವರ ಕೈ ಗೊಂಬೆಯ ಮೂಗನ್ನು ಹಿಡಿಯುವುದಿಲ್ಲ, ಬುಡದ ಮೇಲಿನ ಕತ್ತನ್ನು ಹಿಡಿಯುತ್ತದೆ. ಅಲ್ಲಿ ಬಣ್ಣ ನುಣುಪಾಗಿ ಮಾಸಿದ್ದರೆ ಅದು ಸಾವಿರಾರು ಸಂಜೆಗಳ ಗುರುತು. ಮೂಗು, ಕಿವಿ, ಬಾಲದ ತುದಿಯಲ್ಲಿ ಬಣ್ಣ ಹೋಗಿದ್ದರೆ ಅದು ಬಿದ್ದ ಗುರುತು. ಎಲ್ಲೆಡೆ ಒಂದೇ ಸಮ ಮಾಸಿದ್ದರೆ ಯಾರೋ ಮರಳು ಕಾಗದ ಹಿಡಿದು ಕೂತಿದ್ದರು ಎಂದರ್ಥ.

ಹಳೆಯ ಹಿಡಿಕೆಯ ಮೇಲೆ ಬಿಯರಿನ ಅಂಟು ಇದ್ದೇ ಇರುತ್ತದೆ. ಉಗುರುಬೆಚ್ಚನೆಯ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮಕ್ಕಳ ಹಲ್ಲುಜ್ಜುವ ಬ್ರಷ್. ಅಷ್ಟು ಸಾಕು. ಉಗುರುಬಣ್ಣ ತೆಗೆಯುವ ದ್ರಾವಣ ಮುಟ್ಟಿಸಿದರೆ ಅಂಟಿನ ಜೊತೆ ಗೊಂಬೆಯ ಮುಖವೂ ಹೋಗುತ್ತದೆ.

ಮುಕ್ಕಾದದ್ದನ್ನು ಕೊಳ್ಳಬಹುದೇ

ಕಳೆದ ನವರಾತ್ರಿಗೆ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಗೊಂಬೆ ಕೂರಿಸಲು ಮೆಟ್ಟಿಲು ಕಟ್ಟಿದಾಗ ಮೇಲಿನ ಸಾಲುಗಳಿಗೆ ಊರಿನಿಂದ ತಂದ ಪಟ್ಟದ ಗೊಂಬೆ, ದಶಾವತಾರ ಎಲ್ಲ ಸರಿಹೋದವು. ಕೆಳಗಿನ ಎರಡು ಮೆಟ್ಟಿಲು ಖಾಲಿ ಉಳಿದವು. ಅವರು ನನ್ನ ಕಪಾಟಿಗೆ ಹೋಗಿ ಡೆಲಿರಿಯಮ್ ಟ್ರೆಮೆನ್ಸ್‌ನ ಗುಲಾಬಿ ಆನೆಯನ್ನು ಎತ್ತಿಕೊಂಡು ಬಂದರು. ಬೆಲ್ಜಿಯಮ್ಮಿನ ಮೆಲ್ಲೆ ಊರಿನ ಹೊಯ್‌ಘೆ ಬ್ರೂವರಿ 1988ರಲ್ಲಿ ತಂದ ಬಿಯರಿನ ಲಾಂಛನ ಅದು. ಕುಡಿತ ಬಿಟ್ಟಾಗ ಬರುವ ಸನ್ನಿಯ ಹೆಸರನ್ನೇ ಬಿಯರಿಗೆ ಇಟ್ಟವರು. "ಇದು ಯಾವ ಸೀಮೆಯ ಐರಾವತವೇ?" ಎಂದು ಮಗಳನ್ನು ಕೇಳಿದರು. ಮಗಳು ನನ್ನ ಮುಖ ನೋಡಿದಳು. ಯಾರೂ ಉತ್ತರ ಕೊಡಲಿಲ್ಲ. ಆನೆ ಒಂಬತ್ತು ದಿನ ಆರತಿ ಕಂಡಿತು. ಅದರ ಪಕ್ಕಕ್ಕೆ ನಾನು ಬಕವನ್ನು ಇಡಲು ಹೋದಾಗ ಮಾತ್ರ ಅವರು ತಡೆದರು. "ಮುಕ್ಕಾದದ್ದು ಬೇಡ. ಅದನ್ನು ಒಳಗಿಡಿ."

ಸಂಗ್ರಾಹಕರ ಮಾರುಕಟ್ಟೆಯೂ ನಮ್ಮ ಅತ್ತೆಯಷ್ಟೇ ಕಟ್ಟುನಿಟ್ಟು. ಒಂದು ಕಿವಿ ಹೋದರೆ ಬೆಲೆ ಅರ್ಧಕ್ಕೆ ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗೆಂದು ಮುಕ್ಕಾದದ್ದನ್ನೆಲ್ಲ ಬಿಡಬೇಕಿಲ್ಲ. ಮುರಿತ ಎಲ್ಲಿದೆ ಎಂಬುದನ್ನು ನೋಡಬೇಕು.

ಮುಖದ ಮೇಲಿದ್ದರೆ ಬೇಡ. ಕಪಾಟಿನಲ್ಲಿಟ್ಟ ಮೇಲೆ ಪ್ರತಿದಿನ ಕಾಣುವುದು ಅದೇ. ಹಿಂಬದಿಯಲ್ಲಿ, ಬುಡದ ಅಂಚಿನಲ್ಲಿ ಇದ್ದರೆ ಚೌಕಾಸಿ ಮಾಡಿ ಕೊಳ್ಳಿ. ಬುಡದೊಳಗೆ ಕೂರಿಸಿದ ಲೋಹದ ಮರೆ (ಬೋಲ್ಟ್ ತಿರುಗಿಸುವ, ತಿರುಪಿನ ಸುತ್ತುಗಳಿರುವ ತೂತು) ಸಡಿಲವಾಗಿ ತಿರುಗುತ್ತಿದ್ದರೆ ಅನೇಕರು ಹಿಂದೆ ಸರಿಯುತ್ತಾರೆ. ನಾನು ಅಲ್ಲೇ ಮುಂದೆ ಹೋಗುವುದು. ಎರಡು ಡಬ್ಬಿಯ ಎಪಾಕ್ಸಿಯಿಂದ ಅದನ್ನು ಒಂದು ಸಂಜೆಯಲ್ಲಿ ಸರಿಮಾಡಬಹುದು, ಸರಿಮಾಡಿದ್ದು ಹೊರಗೆ ಕಾಣುವುದೂ ಇಲ್ಲ. ಇನ್ನು ಕಾಲು, ಕತ್ತು, ಕೋಲಿನಂಥ ಸಪೂರ ಭಾಗ ಮುರಿದು ಅಂಟಿಸಿದ್ದಾದರೆ, ಗೊಂಬೆಯ ಭಾರವೆಲ್ಲ ಆ ಅಂಟಿನ ಮೇಲೆ ನಿಂತಿದೆ ಎಂದು ತಿಳಿಯಿರಿ.

ದುರಸ್ತಿಯಾದದ್ದು, ಮುರಿದೇ ಇರುವುದು ಇವೆರಡರಲ್ಲಿ ಆಯ್ಕೆ ಬಂದರೆ ನಾನು ಮುರಿದದ್ದನ್ನೇ ಕೊಳ್ಳುತ್ತೇನೆ, ಮುರಿದ ಚೂರು ಜೊತೆಗಿದ್ದರೆ ಇನ್ನೂ ಸಂತೋಷ. ಗಾಯ ಎಷ್ಟು ದೊಡ್ಡದು ಎಂದು ಕಣ್ಣಿಗೆ ಕಾಣುತ್ತದೆ. ಬೇರೆಯವರ ದುರಸ್ತಿ ಎಷ್ಟನ್ನು ಮುಚ್ಚಿದೆಯೋ ಹೇಳಲಾಗದು. ಅದಕ್ಕೇ ಆ ಅತಿನೇರಳೆ ಟಾರ್ಚ್: ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವಂಥದ್ದೇ ಸಾಕು. ಹೊಸ ಅಂಟು, ತಿದ್ದಿದ ಬಣ್ಣ ಸುತ್ತಲಿನ ಹಳೆಯ ಬಣ್ಣದಂತೆ ಕಾಣುವುದಿಲ್ಲ. ಬೇರೆಯಾಗಿ ಹೊಳೆಯುತ್ತದೆ ಇಲ್ಲವೇ ಕಪ್ಪಾಗಿ ಉಳಿಯುತ್ತದೆ. ನಾನದನ್ನು ಈಗ ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಮಾರುವವರ ಮುಖ ಸಣ್ಣಗಾದರೆ ಅದೂ ಒಂದು ಪರೀಕ್ಷೆಯೇ.

ಅಸಲಿಯೋ ನಕಲಿಯೋ

ಗಿನ್ನೆಸ್ ಬಿಯರಿನ ಟೂಕಾನ್ ಹಕ್ಕಿಯನ್ನು ಕಲಾವಿದ ಜಾನ್ ಗಿಲ್‌ರಾಯ್ 1935ರಲ್ಲಿ ಜಾಹೀರಾತಿಗಾಗಿ ಬರೆದದ್ದು. ಆ ಹಕ್ಕಿಯ ಹಿಡಿಕೆ ಎಲ್ಲರಿಗೂ ಬೇಕು. ಎಲ್ಲರಿಗೂ ಬೇಕಾದದ್ದನ್ನು ಮಾಡಿಕೊಡುವವರೂ ಇರುತ್ತಾರೆ. ಮನೆಯ ಬಾರಿಗೆ ಅಲಂಕಾರವೆಂದು ಮಾಡಿದ್ದನ್ನು ಹಳೆಯ ಬಾರಿನದೆಂದು ಮಾರುವುದುಂಟು. ಅಲಂಕಾರದ್ದನ್ನು ಅಲಂಕಾರದ್ದೆಂದು ತಿಳಿದೇ ಕೊಂಡರೆ ತಪ್ಪೇನಿಲ್ಲ. ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಬೇಕು.

ಇತ್ತೀಚಿನ ತಲೆನೋವು ತ್ರೀಡಿ ಮುದ್ರಣದ್ದು. ಅಸಲಿಯನ್ನು ಸ್ಕ್ಯಾನ್ ಮಾಡಿ ಮುದ್ರಿಸಿ ಬಣ್ಣ ಬಳಿದರೆ ಫೋಟೋದಲ್ಲಿ ಗುರುತು ಹಿಡಿಯುವುದು ಕಷ್ಟ. ಕೈಗೆ ಬಂದರೆ ಸುಲಭ. ಕಲ್ಲುಪುಡಿಯ ರೆಸಿನ್ ಭಾರ, ತಣ್ಣಗೆ. ಮುದ್ರಿಸಿದ್ದು ಹಗುರ, ಬೆಳಕಿಗೆ ಓರೆಯಾಗಿ ಹಿಡಿದರೆ ಹಲಸಿನ ಹಪ್ಪಳದ ಮೇಲಿನ ಚಾಪೆಯ ಗುರುತಿನಂತೆ ಸಣ್ಣ ಪದರಗೆರೆಗಳು ಕಾಣುತ್ತವೆ. ಆದ್ದರಿಂದ ಜಾಲತಾಣದಲ್ಲಿ ಕೊಳ್ಳುವಾಗ ತೂಕ ಎಷ್ಟು ಎಂದು ಕೇಳಿ. ಬುಡದ ತಳಭಾಗದ ಫೋಟೋ ಕೇಳಿ. ತಯಾರಕರ ಗುರುತು, ಅಚ್ಚಿನ ಸಂಖ್ಯೆ ಇದ್ದರೆ ಅಲ್ಲೇ ಇರುತ್ತದೆ. ಇವೆರಡನ್ನು ಕೊಡಲು ತಡವರಿಸುವವರ ಬಳಿ ನಾನು ಮೂರನೆಯ ಪ್ರಶ್ನೆ ಕೇಳುವುದಿಲ್ಲ.

ಗುಂಡು ಹಿಡಿಕೆಗಳಲ್ಲಿ ಮೋಸ ಬೇರೆ ಥರ. ಗುಂಡು ಅಸಲಿ, ಬಿಲ್ಲೆ ನಕಲಿ. ಹೊಸಬರು ಗೊಂಬೆಗಳಿಂದಲೇ ಶುರುಮಾಡಲಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಎಲ್ಲಿ ಕೊಳ್ಳುವುದು

ಮೂರು ದಾರಿಗಳಿವೆ: ಜಾಲತಾಣದ ಹರಾಜು, ಸಂಗ್ರಾಹಕರ ಸಂತೆ, ಬಾರು.

ಹರಾಜಿನಲ್ಲಿ ಸಿಗದ್ದಿಲ್ಲ, ಆದರೆ ಅರ್ಧರಾತ್ರಿಯ ಹಟಕ್ಕೆ ಬಿದ್ದು ಕೊಟ್ಟ ಹಣ ಬೆಳಿಗ್ಗೆ ಎದ್ದಾಗ ನೋಯುತ್ತದೆ. ಅದಕ್ಕಿಂತ ಹೆಚ್ಚಾಗಿ ನೋಯಿಸುವುದು ಪಾರ್ಸೆಲ್. ನನಗೆ ತಲುಪಿದ ಒಂದು ಜಿಂಕೆ ಒಂಟಿಕೊಂಬಿನ ಖಡ್ಗಮೃಗವಾಗಿ ಬಂತು. ಚಾಚಿದ ಭಾಗಗಳನ್ನು ಬೇರೆಬೇರೆಯಾಗಿ ಸುತ್ತಿ, ಡಬ್ಬಿಯೊಳಗೆ ಡಬ್ಬಿಯಿಟ್ಟು ಕಳಿಸಿ ಎಂದು ಹಣ ಕೊಡುವ ಮೊದಲೇ ಬರೆದು ಒಪ್ಪಿಸಿಕೊಳ್ಳಬೇಕು.

ಸಂತೆ ನನ್ನ ಆಯ್ಕೆ. ಬ್ರೂವರಿ ಕಲೆಕ್ಟಿಬಲ್ಸ್ ಕ್ಲಬ್ ಆಫ್ ಅಮೆರಿಕ ಎಂಬ ಸಂಘವಿದೆ. 1970ರಲ್ಲಿ ಬಿಯರ್ ಡಬ್ಬಿ ಕೂಡಿಡುವವರು ಕಟ್ಟಿಕೊಂಡದ್ದು, ಹೆಸರು ಆಮೇಲೆ ಬದಲಾಯಿತು. ವರ್ಷಕ್ಕೊಮ್ಮೆ ದೊಡ್ಡ ಸಮಾವೇಶ, ನಡುನಡುವೆ ಊರೂರಿನ ಶಾಖೆಗಳ ಸಣ್ಣ ಕೂಟಗಳು. ಡಬ್ಬಿಯವರ ನಡುವೆ ಹಿಡಿಕೆಯವರು ಅಲ್ಪಸಂಖ್ಯಾತರು, ಅದರಿಂದಲೇ ಲಾಭ. ಡಬ್ಬಿಗೆ ಪ್ರಾಣ ಬಿಡುವವರು ಹಿಡಿಕೆಯನ್ನು ಹತ್ತು ಡಾಲರಿಗೆ ಕೊಟ್ಟುಬಿಡುತ್ತಾರೆ. ಕೈಯಲ್ಲಿ ಹಿಡಿದು, ತೂಗಿ, ತಿರುಗಿಸಿ ನೋಡಬಹುದು. ಮಧ್ಯಾಹ್ನ ಮೇಜು ಕಟ್ಟುವ ಹೊತ್ತಿಗೆ ಹೋದರೆ ಹೊತ್ತುಕೊಂಡು ಹೋಗಲು ಬೇಸರಪಟ್ಟು ಇನ್ನೂ ಇಳಿಸುತ್ತಾರೆ.

ಬಾರಿನಲ್ಲಿ ಕೇಳಿ ಪಡೆಯುವುದು ಅಗ್ಗ, ಆದರೆ ಅದರಲ್ಲೊಂದು 'ಆದರೆ' ಇದೆ. ಹಿಡಿಕೆಯನ್ನು ಬಾರಿಗೆ ತಂದುಕೊಡುವುದು ಬ್ರೂವರಿ ಅಥವಾ ಅದರ ವಿತರಕರು. ಬಿಯರ್ ಬದಲಾದಾಗ ಹಲವರು ವಾಪಸ್ ಕೇಳುತ್ತಾರೆ. ಅದನ್ನು ಮಾರುವ ಹಕ್ಕು ಬಾರಿನ ಹುಡುಗನಿಗೆ ಇಲ್ಲದಿರಬಹುದು. ಮಾಲೀಕರನ್ನೇ ಕೇಳಿ. ರಾತ್ರಿ ಹನ್ನೊಂದಕ್ಕೆ ಕೋಟಿನೊಳಗೆ ಇಳಿಸಿಕೊಂಡು ಬರುವವರೂ ಇದ್ದಾರೆ. ಅಂಥವರ ಸಂಗ್ರಹ ನೋಡಲು ಕರೆದರೆ ನಾನು ಹೋಗುವುದಿಲ್ಲ.

ಊರಿಗೆ ಒಯ್ಯುವವರಿಗೆ

ಹಿಡಿಕೆಯನ್ನು ಕೈಚೀಲದಲ್ಲಿ ವಿಮಾನದೊಳಗೆ ಒಯ್ಯಬೇಡಿ. ಒಂದಡಿ ಉದ್ದದ, ಮುಕ್ಕಾಲು ಕಿಲೋ ತೂಕದ ಗದೆಯಂಥ ವಸ್ತುವನ್ನು ಎಕ್ಸ್-ರೇ ಪರದೆಯ ಮೇಲೆ ಕಂಡ ಭದ್ರತಾ ಸಿಬ್ಬಂದಿಗೆ ಅದು ಮೀನು ಎಂದು ವಿವರಿಸುವುದು ಸುಲಭವಲ್ಲ. ದೊಡ್ಡ ಪೆಟ್ಟಿಗೆಯಲ್ಲಿ, ಸ್ವೆಟರುಗಳ ನಡುವೆ ಇಡಿ.

ನಿಲ್ಲಿಸಲು ಬುಡಕ್ಕೆ ಬೋಲ್ಟ್ ಬೇಕು. ಅಮೆರಿಕದ ಹಿಡಿಕೆಗಳ ಮರೆ 3/8 ಇಂಚಿನದು, ಇಂಚಿಗೆ 16 ಸುತ್ತು. ಅಮೆರಿಕದಲ್ಲಿ ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಹಿಡಿಕೆಗೆ ಕೂರುವ ಬೋಲ್ಟ್ ಸಿದ್ಧವಾಗಿ ಸಿಗುತ್ತದೆ. ಊರಿನಲ್ಲಿ 10 ಮಿಲಿಮೀಟರಿನದು ಹತ್ತಿರವಿದೆಯಲ್ಲ ಎಂದು ತಿರುಗಿಸಲು ಹೋಗಬೇಡಿ. 3/8 ಇಂಚು ಎಂದರೆ ಒಂಬತ್ತೂವರೆ ಮಿಲಿಮೀಟರ್, ಒತ್ತಿದರೆ ಹಿಡಿಕೆಯ ಮರೆ ಕೆಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ "ಮೂರು ಸೂತಿನ ಬೋಲ್ಟು" ಎಂದು ಕೇಳಿ. ಬ್ರಿಟಿಷರ ಕಾಲದ ವಿಟ್‌ವರ್ತ್ ಅಳತೆಯದು ಸಿಕ್ಕರೂ ನಡೆಯುತ್ತದೆ. ಅದರ ಹಲ್ಲಿನ ಕೋನ 60 ಡಿಗ್ರಿಯ ಬದಲು 55, ಆದರೆ ಇಂಚಿಗೆ ಸುತ್ತು ಅದೇ 16; ಗೊಂಬೆ ನಿಲ್ಲುವಷ್ಟು ಗಟ್ಟಿಯಾಗಿ ಕೂರುತ್ತದೆ.

ಆ ಹೆಬ್ಬಾತು ಎಲ್ಲಿಗೂ ಹೋಗಿರಲಿಲ್ಲ. ಮರುವರ್ಷ ಅದೇ ಸಂತೆಯಲ್ಲಿ, ಅದೇ ಮೇಜಿನ ಮೇಲೆ, ಐದು ಡಾಲರ್ ಕಡಿಮೆಗೆ ಸಿಕ್ಕಿತು. ಹೋದ ಡಿಸೆಂಬರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಮೇಲೆ ಅದನ್ನು ಮಲಗಿಸಿ ಬೋಲ್ಟು ಕೇಳಿದೆ. ಅಂಗಡಿಯವರು ಹಕ್ಕಿಯ ಕತ್ತು ಹಿಡಿದು ಹಿಂದಕ್ಕೆ ಮುಂದಕ್ಕೆ ಆಡಿಸಿ, "ಇದು ಯಾವ ಗಾಡಿಯ ಗೇರು ಸಾರ್?" ಎಂದರು. ಎರಡನೆಯ ಡಬ್ಬಿಯ ಬೋಲ್ಟು ಸರಿಯಾಗಿ ಕೂತಿತು. ಎರಡು ಕೊಂಡೆ, ಒಂದು ಹೆಬ್ಬಾತಿಗೆ, ಒಂದು ಬಕಕ್ಕೆ.